ಅಳಿವೆಯ ಮರಳು

ಮಂಗಳೂರಿನ ಹಳೆಯ ಬಂದರಿನಲ್ಲಿ ನಿಂತು ಪಡುವಣಕ್ಕೆ ನೋಡಿದವರಿಗೆ ಮೊದಲು ಕಾಣುವುದು ಕಡಲಲ್ಲ; ಗುರುಪುರ ಹೊಳೆ, ಅದರಾಚೆಗೆ ತೆಂಗು ತುಂಬಿದ ನೀಳವಾದ ಮರಳ ಪಟ್ಟಿ. ಅದೇ ಬೆಂಗರೆ. ಘಟ್ಟದ ಕಡೆಯಿಂದ ಬಂದ ಹೊಳೆಯು ಕಡಲಿಗೆ ಕೂಗಳತೆಯಷ್ಟು ಸಮೀಪಿಸಿದರೂ ಅದನ್ನು ಸೇರಲಾರದೆ, ಈ ಪಟ್ಟಿಯ ಒಳಮಗ್ಗುಲಲ್ಲಿ ತೆಂಕಣಕ್ಕೆ ಹರಿದು, ನೇತ್ರಾವತಿಯೊಡಗೂಡಿಯೇ ಸಮುದ್ರವನ್ನು ಕಾಣುತ್ತದೆ. ದಕ್ಷಿಣದಿಂದ ಉಳ್ಳಾಲದ ಮರಳ ನಾಲಗೆ ಬೆಂಗರೆಗೆ ಇದಿರಾಗಿ ಚಾಚಿದೆ. ಎರಡರ ನಡುವಣ ಬಾಗಿಲೇ ಅಳಿವೆ.

ಕನ್ನಡ ಕಲಿಸುವ ನನಗೆ ಈ ಪದವೇ ಮೊದಲ ಪಾಠ. 'ಅಳಿವೆ' ಎಂದೊಡನೆ 'ಅಳಿ' ಎಂಬ ಧಾತು ನೆನಪಾಗದಿರದು. ಹೊಳೆ ತನ್ನ ಹೆಸರನ್ನು ಕಳೆದುಕೊಳ್ಳುವ ಎಡೆಯಿದು. ಆದರೆ ನೀರು ಅಳಿಯುವ ಈ ಎಡೆಯಲ್ಲಿಯೇ ನೆಲ ಹುಟ್ಟುತ್ತದೆ ಎನ್ನುತ್ತದೆ ಭೂರೂಪಶಾಸ್ತ್ರ.

ಹುಟ್ಟುವ ಬಗೆ ಸರಳವಾದುದು. ಅಲೆಗಳು ಸಾಮಾನ್ಯವಾಗಿ ದಡಕ್ಕೆ ತುಸು ಓರೆಯಾಗಿ ಬರುತ್ತವೆ. ಏರುವ ಅಲೆ ಮರಳ ಕಣವನ್ನು ಓರೆಯಾಗಿಯೇ ಮೇಲಕ್ಕೊಯ್ಯುತ್ತದೆ; ಇಳಿಯುವ ನೀರು ಇಳಿಜಾರನ್ನು ಹಿಡಿದು ನೇರವಾಗಿ ಕೆಳಗೆಳೆಯುತ್ತದೆ. ಹೀಗೆ ಅಂಕುಡೊಂಕಾಗಿ ಹೆಜ್ಜೆಯಿಡುತ್ತ ಕಣವು ಕರೆಯುದ್ದಕ್ಕೂ ಸಾಗುತ್ತದೆ. ಹೊಳೆಯ ಬಾಯಲ್ಲಿ ದಡವು ಒಳಕ್ಕೆ ತಿರುಗಿದರೂ ಮರಳು ತಾನು ಹಿಡಿದ ದಾರಿಯನ್ನು ಬಿಡದು. ಅಲೆಯ ಬಲ ಕುಗ್ಗಿದ ನೀರಿನಲ್ಲಿ ತಂಗಿ, ನಾಲಗೆಯನ್ನು ಮುಂದಕ್ಕೆ ಬೆಳೆಸುತ್ತದೆ. ತುದಿಯನ್ನು ಸುತ್ತಿ ಬರುವ ಅಲೆಗಳು ಅದನ್ನು ಕೆಲವೊಮ್ಮೆ ಕೊಕ್ಕೆಯಂತೆ ಒಳಕ್ಕೆ ಬಾಗಿಸುವುದೂ ಉಂಟು. ಬೆನ್ನ ಹಿಂದಿನ ಶಾಂತ ಜಲದಲ್ಲಿ ಕೆಸರು ನೆಲೆನಿಂತು ಕಾಂಡ್ಲ ಬೇರೂರುತ್ತದೆ.

ಈ ಬೆಳವಣಿಗೆಗೆ ಮಿತಿಯಿಡುವುದು ಹೊಳೆಯ ನೆರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಬಾಗಿಲನ್ನು ತೆರೆದಿಡುತ್ತದೆ. ಆ ದಿನಗಳ ಕಡಿದಾದ ಅಲೆಗಳು ದಡದ ಮರಳನ್ನು ಕೊಚ್ಚಿ ನೀರಡಿಯ ದಿಬ್ಬವಾಗಿ ಒಟ್ಟುತ್ತವೆ. ಮಳೆ ನಿಂತ ಮೇಲಿನ ಸಾವಧಾನದ ಅಲೆಗಳು ಅದನ್ನೇ ಹಿಂದಕ್ಕೆ ತರುತ್ತವೆ. ಮರಳಿ ಬರುವುದರಿಂದಲೇ ಮರಳೆಂಬ ಹೆಸರೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನಿರುಕ್ತಿ ಒಪ್ಪದಿದ್ದರೂ ಅರ್ಥ ಒಪ್ಪುತ್ತದೆ.

ಎಲ್ಲ ಮರಳೂ ಮರಳುವುದಿಲ್ಲ ಎಂಬುದೇ ಇಂದಿನ ಚಿಂತೆ. ದೋಣಿಗಳ ದಾರಿ ಹೂಳದಿರಲೆಂದು 1990ರ ದಶಕದಲ್ಲಿ ಅಳಿವೆಯ ಇಕ್ಕೆಲಗಳಲ್ಲಿಯೂ ಕಲ್ಲಿನ ಅಲೆತಡೆಗಳನ್ನು ಕಟ್ಟಿದರು. ಅಂತಹ ಗೋಡೆ ಸಾಗುವ ಮರಳನ್ನು ತಡೆಯುತ್ತದೆ; ಒಂದು ಮಗ್ಗುಲಲ್ಲಿ ದಡ ತುಂಬಿದರೆ ಇನ್ನೊಂದು ಮಗ್ಗುಲು ಹಸಿಯುತ್ತದೆ. ಉಳ್ಳಾಲದ ಕರೆಯಲ್ಲಿ ಕೊರೆತ ಬಲವಾಗಿ, ಮನೆಗಳೂ ತೆಂಗಿನ ಮರಗಳೂ ಕಡಲ ಪಾಲಾದುವು. ಇತ್ತ ಕಟ್ಟಡಗಳಿಗಾಗಿ ಹೊಳೆಯ ಒಡಲಿನಿಂದ ಮರಳನ್ನು ತೋಡುತ್ತೇವೆ; ಅಣೆಕಟ್ಟಿನ ಹಿಂದೆಯೂ ಒಂದು ಪಾಲು ನಿಂತುಬಿಡುತ್ತದೆ.

ಒಬ್ಬರ ದೋಣಿಗೆ ದಾರಿ ಬೇಕು, ಇನ್ನೊಬ್ಬರ ಮನೆಗೆ ಅಂಗಳ ಬೇಕು. ಇಬ್ಬರೂ ಕಡಲನ್ನೇ ನಂಬಿದವರು. ಎರಡೂ ಬೇಡಿಕೆಗಳು ನ್ಯಾಯವಾದುವೇ. ಆದುದರಿಂದ ಇನ್ನೊಂದು ಸಾಲು ಬಂಡೆಗಳನ್ನು ಸುರಿಯುವ ಮುನ್ನ, ಬರಬೇಕಾದ ಮರಳು ಎಲ್ಲಿ ನಿಂತಿತೆಂದು ಕೇಳುವುದು ವಿವೇಕ. ಆ ಪ್ರಶ್ನೆಗೆ ಉತ್ತರವನ್ನು ಅಳಿವೆಯಲ್ಲಿ ಮಾತ್ರ ಹುಡುಕಿದರೆ ಸಾಲದು; ಹೊಳೆಯನ್ನು ಹಿಡಿದು ಘಟ್ಟದವರೆಗೂ ನಡೆಯಬೇಕು.