ಮಾನವರಹಿತವೆಂಬ ವಿಶೇಷಣ: ಸೇನಾ ಡ್ರೋನುಗಳ ಹರಡುವಿಕೆ ಮತ್ತು ವ್ಯಾಪಾರ

ಇಂಗ್ಲಿಷಿನಲ್ಲಿ 'ಡ್ರೋನ್' ಎಂದರೆ ಮೂಲತಃ ಗಂಡುಜೇನು. ಅದು ಮಕರಂದ ತರುವುದಿಲ್ಲ. ಕೊಂಡಿಯಿಲ್ಲದ ಕಾರಣ ಕುಟುಕುವುದೂ ಇಲ್ಲ. 1935ರಲ್ಲಿ ಬ್ರಿಟನ್ ತನ್ನ ಫಿರಂಗಿದಳದ ಗುರಿಯಭ್ಯಾಸಕ್ಕಾಗಿ, ನೆಲದಿಂದಲೇ ರೇಡಿಯೊ ಮೂಲಕ ಹಾರಿಸಬಹುದಾದ ವಿಮಾನವೊಂದನ್ನು ಬಳಕೆಗೆ ತಂದಿತು. ಅದರ ಹೆಸರು 'ಕ್ವೀನ್ ಬೀ', ಅಂದರೆ ರಾಣಿಜೇನು. ಅಮೆರಿಕದ ನೌಕಾಪಡೆ ಅಂಥ ವಿಮಾನಗಳಿಗೆ ಡ್ರೋನ್ ಎಂಬ ಹೆಸರನ್ನು ರೂಢಿಸಿದ್ದು ಈ ರಾಣಿಜೇನಿನ ನೆನಪಿನಲ್ಲಿಯೇ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹೊಡೆಸಿಕೊಳ್ಳಲೆಂದೇ ಹುಟ್ಟಿದ ವಸ್ತು ಮುಂದೆ ನೋಡುವ ಕಣ್ಣಾಯಿತು. ಆಮೇಲೆ ಹೊಡೆಯುವ ಕೈಯಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ನಮ್ಮ ಪತ್ರಿಕೆಗಳು ಇದನ್ನು 'ಮಾನವರಹಿತ ವಿಮಾನ' ಎಂದು ಕರೆಯುತ್ತವೆ. ಮರಾಠಿ ಪತ್ರಿಕೆಗಳಲ್ಲಿಯೂ ಇದೇ ಸಂಸ್ಕೃತ ಸಮಾಸ ಬಳಕೆಯಲ್ಲಿದೆ. ಚಾಲಕನ ಆಸನದ ಮಟ್ಟಿಗೆ ಈ ವಿಶೇಷಣ ಸರಿಯಾದುದು. ಆದರೆ ಆ ವಿಮಾನವನ್ನು ಮಾಡುವವರು, ಮಾರುವವರು, ಕೊಳ್ಳುವವರು, ಅದಕ್ಕಾಗಿ ನೆಲ ಬಿಟ್ಟುಕೊಡುವವರು, ಅದರ ಕೆಳಗೆ ಬದುಕುವವರು ಎಲ್ಲರೂ ಮನುಷ್ಯರೇ. ಈ ವಿಶೇಷಣ ಮರೆಮಾಡುವ ಮನುಷ್ಯರನ್ನು ಹುಡುಕುತ್ತ ಹೋದರೆ ಡ್ರೋನುಗಳ ಜಾಗತಿಕ ವ್ಯಾಪಾರದ ಸ್ವರೂಪವೂ ತಿಳಿಯುತ್ತದೆ. ಆ ಹುಡುಕಾಟಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ರಾಯದುರ್ಗದಿಂದ ಮೊಳಕಾಲ್ಮೂರನ್ನು ದಾಟಿ ನೈಋತ್ಯಕ್ಕೆ ಸಾಗಿದರೆ ಚಳ್ಳಕೆರೆ ತಾಲ್ಲೂಕಿನ ಹುಲ್ಲುಗಾವಲುಗಳು ಸಿಗುತ್ತವೆ. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಅತ್ತ ಸೇರಿತು. ಗಡಿಯ ಗೆರೆ ಬಿದ್ದರೂ ಕುರಿ, ದನ, ಕಂಬಳಿ, ನಂಟಸ್ತನಗಳ ಸಂಬಂಧ ತಪ್ಪಲಿಲ್ಲ. ಈ ಹುಲ್ಲುಗಾವಲುಗಳ ಹೆಸರು ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ್ ಕೊಟ್ಟ ಹೊಸ ಹೆಸರದು. ಹೈದರ್ ಮತ್ತು ಟಿಪ್ಪುವಿನ ಸೇನೆಗಳ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದದ್ದು ಈ ಕಾವಲುಗಳಲ್ಲಿ ಮೇದ ಎತ್ತುಗಳು. ಆದ್ದರಿಂದ ಯುದ್ಧ ಈ ಹುಲ್ಲಿಗೆ ಹೊಸತಲ್ಲ. ಆದರೆ ಅಂದಿನ ಯುದ್ಧಕ್ಕೆ ಹುಲ್ಲು ಬೇಕಾಗಿತ್ತು. ಇಂದಿನದಕ್ಕೆ ಬಯಲು ಮಾತ್ರ ಸಾಕು.

2007ರಿಂದ 2010ರ ನಡುವಿನ ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳ ಸುಮಾರು 10,000 ಎಕರೆಯನ್ನು ವಿವಿಧ ಸಂಸ್ಥೆಗಳಿಗೆ ಹಂಚಲಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ, ಅಂದರೆ ಡಿಆರ್‌ಡಿಒಗೆ, 4,290 ಎಕರೆ ದೊರೆಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರವೂ ಇಸ್ರೋ ಸಂಸ್ಥೆಯೂ ತಮ್ಮ ಪಾಲನ್ನು ಪಡೆದವು. ಮೇವನ್ನು ನಂಬಿದ ಹಳ್ಳಿಗಳು ಪ್ರತಿಭಟಿಸಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ವಿಚಾರಣೆ ನಡೆಯಿತು. ದೇಶದ ರಕ್ಷಣೆಗೆ ಪರೀಕ್ಷಾ ನೆಲ ಬೇಕೆಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕಾವಲು ಪಾಳುಭೂಮಿಯಲ್ಲ. ಕುರಿಗಾಹಿಗಳಿಗೆ ಅದು ಜೀವನೋಪಾಯ, ಕೃಷ್ಣಮೃಗಕ್ಕೆ ಮನೆ. 2017ರ ಮೇ 28ರಂದು ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ರುಸ್ತುಂ-2 ಎಂಬ ಡ್ರೋನು ಅಲ್ಲಿಂದ ಮೊದಲ ಬಾರಿಗೆ ಹಾರಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ರುಸ್ತುಂ ದಮಾನಿಯಾ ಅವರ ನೆನಪಿಗೆ ಇಟ್ಟ ಹೆಸರದು. ಮುಂದೆ ಈ ವಿಮಾನ 'ತಪಸ್' ಎನಿಸಿಕೊಂಡಿತು.

ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ಈ ಪ್ರಯತ್ನ ಸುಲಭದ್ದಾಗಿರಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಒಂದು ವಿಮಾನ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ತೋಟದ ಬಳಿ ಬಿದ್ದಿತು. 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲದಲ್ಲಿ ಬಿದ್ದಿತು. ಸೇನೆಗೆ ಬೇಕಾಗಿದ್ದದ್ದು 30,000 ಅಡಿ ಎತ್ತರದಲ್ಲಿ 24 ಗಂಟೆ ಹಾರಬಲ್ಲ ಯಂತ್ರ. ತಪಸ್ ಆ ಮಟ್ಟವನ್ನು ಮುಟ್ಟಲಿಲ್ಲ. 2024ರ ಅಕ್ಟೋಬರ್ 15ರಂದು ಭಾರತ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನುಗಳನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ನೌಕಾಪಡೆಗೆ 15, ಭೂಸೇನೆಗೆ 8, ವಾಯುಪಡೆಗೆ 8. ದುರಸ್ತಿ ವ್ಯವಸ್ಥೆಯೂ ಸೇರಿ ಇದರ ವೆಚ್ಚ ಸುಮಾರು 32,000 ಕೋಟಿ ರೂಪಾಯಿ. ಮಾಡಲಾಗದ್ದನ್ನು ಕೊಳ್ಳಬೇಕು ಎಂಬುದು ಈ ವ್ಯಾಪಾರದ ಮೊದಲ ಸೂತ್ರ. ಯಾರಿಂದ ಕೊಳ್ಳಬಹುದು, ಯಾರು ಮಾರಬಹುದು ಎಂಬುದರ ಹಿಂದೆ ನಲವತ್ತು ವರ್ಷಗಳ ಚರಿತ್ರೆಯಿದೆ.

1982ರಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ಇಸ್ರೇಲ್ ಚಿಕ್ಕ ಡ್ರೋನುಗಳನ್ನು ಬಳಸಿ ಸಿರಿಯಾದ ಕ್ಷಿಪಣಿ ನೆಲೆಗಳನ್ನು ಪತ್ತೆಹಚ್ಚಿ ನಾಶಮಾಡಿತು. 2001ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರಿಡೇಟರ್ ಡ್ರೋನು ಅಫ್ಘಾನಿಸ್ತಾನದಲ್ಲಿ ಕ್ಷಿಪಣಿಯನ್ನೇ ಪ್ರಯೋಗಿಸಿತು. ಕೆಲಕಾಲ ಈ ವಿದ್ಯೆ ಎರಡು ಮೂರು ದೇಶಗಳ ಸ್ವತ್ತಾಗಿತ್ತು. ಅದಕ್ಕೆ ಬೇಲಿಯೂ ಇತ್ತು. 1987ರಲ್ಲಿ ಏಳು ಶ್ರೀಮಂತ ರಾಷ್ಟ್ರಗಳು ರಚಿಸಿಕೊಂಡ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆಯ ಪ್ರಕಾರ, 500 ಕಿಲೋ ಭಾರವನ್ನು 300 ಕಿಲೋಮೀಟರು ದೂರಕ್ಕೆ ಒಯ್ಯಬಲ್ಲ ಯಂತ್ರಗಳನ್ನು ಅನ್ಯರಿಗೆ ಮಾರುವಂತಿರಲಿಲ್ಲವೆನ್ನಬಹುದು. ಭಾರತ 2016ರಲ್ಲಿ ಇದರ ಸದಸ್ಯನಾಯಿತು.

ಬೇಲಿಯನ್ನು ಮೂರು ಕಡೆಯಿಂದ ದಾಟಲಾಯಿತು. ಮೊದಲನೆಯದಾಗಿ, ಸದಸ್ಯನಲ್ಲದ ಚೀನಾ ದೇಶಕ್ಕೆ ಆ ಕಟ್ಟುಪಾಡು ಇರಲಿಲ್ಲ. ಅಮೆರಿಕ ಕೊಡಲೊಪ್ಪದ ಬಗೆಯ ಡ್ರೋನುಗಳನ್ನು ಅದು ಇರಾಕ್, ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಈಜಿಪ್ಟ್, ನೈಜೀರಿಯಾಗಳಿಗೆ ಮಾರಿತು. ಎರಡನೆಯದಾಗಿ, ಸದಸ್ಯನೇ ಆದ ಟರ್ಕಿ ಮಿತಿಗಿಂತ ಹಗುರವಾದ ಬೈರಕ್ತಾರ್ ಟಿಬಿ2 ಡ್ರೋನನ್ನು ರೂಪಿಸಿತು. ಅದು ಹೊರುವ ಭಾರ 150 ಕಿಲೋ ಮಾತ್ರ. ಆದರೂ 2020ರಲ್ಲಿ ನಗೋರ್ನೊ-ಕರಾಬಾಖಿನ 44 ದಿನಗಳ ಯುದ್ಧದಲ್ಲಿ ಅಜರ್‌ಬೈಜಾನಿನ ಗೆಲುವಿಗೆ ಅದು ದೊಡ್ಡ ನೆರವಾಯಿತು. ಆ ಗೆಲುವೇ ಜಾಹೀರಾತಾಗಿ ಪೋಲೆಂಡ್, ಮೊರಾಕೊ, ಇಥಿಯೋಪಿಯಾಗಳೂ ಗ್ರಾಹಕರಾದವು. ಮಾರುಕಟ್ಟೆ ಕೈತಪ್ಪುವುದನ್ನು ಕಂಡ ಅಮೆರಿಕ ಅದೇ ವರ್ಷದ ಜುಲೈನಲ್ಲಿ, ಗಂಟೆಗೆ 800 ಕಿಲೋಮೀಟರಿಗಿಂತ ನಿಧಾನವಾಗಿ ಹಾರುವ ಡ್ರೋನುಗಳಿಗೆ ಕಟ್ಟುನಿಟ್ಟಿನ ನಿಷೇಧ ಅನ್ವಯಿಸದೆಂದು ನಿಯಮವನ್ನು ತಾನೇ ಮರುವ್ಯಾಖ್ಯಾನಿಸಿಕೊಂಡಿತು. ಬೇಲಿ ಕಟ್ಟಿದವರೇ ಕಿಂಡಿ ಮಾಡಿದಂತಾಯಿತು.

ಮೂರನೆಯ ದಾರಿ ಬಿಡಿಭಾಗಗಳದು. ಇರಾನಿನ ಶಾಹಿದ್-136 ಡ್ರೋನುಗಳನ್ನು ರಷ್ಯಾ 2022ರ ಶರತ್ಕಾಲದಿಂದ ಉಕ್ರೇನಿನ ನಗರಗಳ ಮೇಲೆ ಪ್ರಯೋಗಿಸುತ್ತ ಬಂದಿದೆ. ಮುಂದೆ ತತಾರಸ್ತಾನದಲ್ಲಿ ತಾನೇ ತಯಾರಿಸತೊಡಗಿತು. ಎರಡೂ ದೇಶಗಳ ಮೇಲೆ ಪಾಶ್ಚಾತ್ಯರ ನಿರ್ಬಂಧಗಳಿವೆ. ಆದರೂ ಬಿದ್ದ ಡ್ರೋನುಗಳ ಅವಶೇಷಗಳಲ್ಲಿ ಅಮೆರಿಕ, ಯುರೋಪುಗಳ ಕಂಪನಿಗಳ ಚಿಪ್ಪುಗಳೇ ದೊರೆತವು. ಬಟ್ಟೆ ಒಗೆಯುವ ಯಂತ್ರಕ್ಕೂ ಮೊಬೈಲಿಗೂ ಬೇಕಾಗುವ ಇಂಥ ವಸ್ತು ಹತ್ತು ಕೈ ದಾಟಿದ ಮೇಲೆ ಅದರ ಅಂತಿಮ ಬಳಕೆಯನ್ನು ಹಿಡಿದಿಡುವುದು ಕಷ್ಟ. ಉಕ್ರೇನಿನ ಯುದ್ಧಭೂಮಿಯಲ್ಲಿ ಕೆಲವೇ ನೂರು ಡಾಲರು ಬೆಲೆಯ ಚಿಕ್ಕ ಡ್ರೋನು ಟ್ಯಾಂಕನ್ನು ಸುಡುತ್ತದೆ. ಅದರ ಮೋಟಾರು, ಬ್ಯಾಟರಿಗಳು ಬಹುಮಟ್ಟಿಗೆ ಚೀನಾದವು. ಅದೇ ಬಿಡಿಭಾಗಗಳ ಸರಪಣಿ ಭಾರತವನ್ನೂ ಕಾಡಿದೆ. 2022ರ ಫೆಬ್ರವರಿಯಲ್ಲಿ ಸರ್ಕಾರ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿದರೂ ಬಿಡಿಭಾಗಗಳಿಗೆ ಆ ನಿಷೇಧ ಇರಲಿಲ್ಲ. ಚೀನಾದ ಭಾಗಗಳಿವೆಯೆಂಬ ಕಾರಣಕ್ಕೆ 2025ರ ಆರಂಭದಲ್ಲಿ 400 ಸೇನಾ ಡ್ರೋನುಗಳ ಗುತ್ತಿಗೆಗಳೇ ರದ್ದಾದವು.

ಈ ವ್ಯಾಪಾರದಲ್ಲಿ ಯಂತ್ರ ಕೈ ಬದಲಾಯಿಸುವಾಗ ಹೆಸರನ್ನೂ ಬದಲಾಯಿಸುತ್ತದೆ. ಪಾರಸಿಯಲ್ಲಿ ಶಾಹಿದ್ ಎಂದರೆ ಸಾಕ್ಷಿ. ರಷ್ಯಾದಲ್ಲಿ ಅದು 'ಗೆರಾನ್', ಅಂದರೆ ಜಿರೇನಿಯಂ ಹೂವು. ಇಸ್ರೇಲಿನ ಹರ್ಮಿಸ್ 900 ಹೈದರಾಬಾದಿನಲ್ಲಿ ತಯಾರಾಗಿ 2024ರ ಜನವರಿಯಲ್ಲಿ ನಮ್ಮ ನೌಕಾಪಡೆ ಸೇರುವ ಹೊತ್ತಿಗೆ 'ದೃಷ್ಟಿ-10' ಆಗಿತ್ತು. ನಾಗಪುರದಲ್ಲಿ ತಯಾರಾಗುವ, ಗುರಿಗೆ ಬಡಿದು ತಾನೂ ಸಿಡಿಯುವ ಡ್ರೋನಿಗೆ 'ನಾಗಾಸ್ತ್ರ-1' ಎಂಬ ಪುರಾಣದ ಹೆಸರು. ಹೂವು, ದೃಷ್ಟಿ, ತಪಸ್ಸು, ಅಸ್ತ್ರ ಎಂಬ ಹೆಸರುಗಳೆಲ್ಲ ಕಿವಿಗೆ ಇಂಪಾಗಿವೆ. ಯಾವುದರಲ್ಲಿಯೂ ಏಟು ತಿಂದವನ ಸುಳಿವಿಲ್ಲ.

2025ರ ಮೇ ತಿಂಗಳಲ್ಲಿ ಈ ಜಾಗತಿಕ ಸಂತೆ ನಮ್ಮ ಗಡಿಗೇ ಬಂದಿತು. ಮೇ 8–9ರ ರಾತ್ರಿ ಪಾಕಿಸ್ತಾನ 36 ಸ್ಥಳಗಳ ಮೇಲೆ 300ರಿಂದ 400 ಡ್ರೋನುಗಳನ್ನು ಕಳಿಸಿತೆಂದೂ ಅವು ಟರ್ಕಿಯ ಸೊಂಗರ್ ಮಾದರಿಯವೆಂದು ಪ್ರಾಥಮಿಕ ತನಿಖೆ ಸೂಚಿಸುತ್ತದೆಂದೂ ಭಾರತ ತಿಳಿಸಿತು. ಭಾರತದ ಬತ್ತಳಿಕೆಯಲ್ಲಿ ಇಸ್ರೇಲಿನ ಹಾರೊಪ್ ಇತ್ತು. ಇಸ್ರೇಲಿ ತಂತ್ರಜ್ಞಾನದಿಂದ ಬೆಂಗಳೂರಿನಲ್ಲಿ ತಯಾರಾದ ಸ್ಕೈಸ್ಟ್ರೈಕರ್ ಕೂಡ ಇತ್ತು. ಅದೇ ರಾತ್ರಿಗಳಲ್ಲಿ ನಿಯಂತ್ರಣ ರೇಖೆಯ ಮೇಲಿನ ಗುಂಡಿನ ದಾಳಿಯಲ್ಲಿ ಗೋರಂಟ್ಲ ಮಂಡಲದ ತಾಂಡಾವೊಂದರ ಯುವ ಯೋಧ ಮಡಿದನು. 2022ರವರೆಗೆ ಅನಂತಪುರ ಜಿಲ್ಲೆಯದಾಗಿದ್ದು, ಈಗ ಮಡಕಶಿರದೊಡನೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ನೆಲ ಅದು. ಅವನನ್ನು ಕೊಂದದ್ದು ಡ್ರೋನು ಅಲ್ಲ. ಆದರೆ ಆಕಾಶದಲ್ಲಿ ಮಾನವರಹಿತ ಯಂತ್ರಗಳು ಹಾರುತ್ತಿದ್ದಾಗಲೂ ಕೆಳಗೆ ನಮ್ಮ ಕಡೆಯ ಹುಡುಗನೊಬ್ಬ ನಿಂತೇ ಇದ್ದನೆಂಬುದನ್ನು ಮರೆಯಲಾಗದು.

ಅದೇ ವರ್ಷ ಆಂಧ್ರಪ್ರದೇಶ ಪ್ರಕಟಿಸಿದ 2025–30ರ ರಕ್ಷಣಾ ಕೈಗಾರಿಕಾ ನೀತಿಯಲ್ಲಿ ಲೇಪಾಕ್ಷಿ–ಮಡಕಶಿರ ಒಂದು ಕೈಗಾರಿಕಾ ವಲಯ. ಕರ್ನೂಲು–ಓರ್ವಕಲ್ಲು ಸೇನಾ ಡ್ರೋನುಗಳಿಗೆ ಮೀಸಲಾದ ಇನ್ನೊಂದು. ಮಳೆ ಕಡಿಮೆಯಿರುವ ಈ ಸೀಮೆಗೆ ಉದ್ಯೋಗ ಬೇಕು. ಬೆಂಗಳೂರಿಗೆ ಗುಳೆ ಹೋಗುವ ಮಕ್ಕಳು ಊರಿನಲ್ಲಿಯೇ ದುಡಿಯುವಂತಾದರೆ ಸಂತೋಷ. ಆದರೆ ಚಳ್ಳಕೆರೆಯ ಕಾವಲಿನಲ್ಲಿ ಎದ್ದ ಪ್ರಶ್ನೆಗಳನ್ನು ಇಲ್ಲಿಯೂ ಮೊದಲೇ ಕೇಳಬೇಕು: ಯಾರ ನೆಲ, ಯಾರಿಗೆ ಕೆಲಸ, ತಯಾರಾದದ್ದು ಯಾರಿಗೆ ಮಾರಾಟ?

ಇವು ಭಾಷೆಯ ವಿದ್ಯಾರ್ಥಿಗಳ ಪ್ರಶ್ನೆಗಳೂ ಹೌದು. ಮಡಕಶಿರದ ಬಳಿಯ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಈ ಸೀಮೆಯ ಕನ್ನಡ ವೀರಗಲ್ಲುಗಳನ್ನು ನೀವು ಶಾಸನಪಠ್ಯಗಳಲ್ಲಿ ಓದುತ್ತೀರಿ. ತುರುಗೊಳ್ಳುವಾಗ ಯಾರು ಕಾದಿದನು, ಯಾರು ಸತ್ತನು, ಅವನ ಮನೆಯವರಿಗೆ ಯಾರು ಯಾವ ನೆಲವನ್ನು ಬಿಟ್ಟುಕೊಟ್ಟರು ಎಂಬುದನ್ನು ಆ ಕಲ್ಲುಗಳು ಕೆಲವೇ ಸಾಲುಗಳಲ್ಲಿ ಹೇಳಿಬಿಡುತ್ತವೆ. ಕರ್ತೃ, ಕರ್ಮ, ಕ್ರಿಯೆ ಮೂರೂ ಅಲ್ಲಿವೆ. ಇಂದಿನ ಸುದ್ದಿಯ ವಾಕ್ಯ ನೋಡಿ: 'ಡ್ರೋನ್ ದಾಳಿ ನಡೆಯಿತು, ಹಲವರು ಮೃತಪಟ್ಟರು.' ದಾಳಿ ತಾನಾಗಿ ನಡೆದಂತಿದೆ. ಸಾವು ತಾನಾಗಿ ಬಂದಂತಿದೆ. ಮುಂದೆ ನಿಮ್ಮಲ್ಲಿ ಕೆಲವರು ಪತ್ರಕರ್ತರಾಗುವಿರಿ, ಅನುವಾದಕರಾಗುವಿರಿ, ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಅಧ್ಯಾಪಕರಾಗುವಿರಿ. ಆಗ ಇಂಥ ವಾಕ್ಯವೊಂದು ಎದುರಾದರೆ ಅದರ ಕರ್ತೃಪದವನ್ನು ಹುಡುಕಿ ಬರೆಯಿರಿ. 'ಮಾನವರಹಿತ' ಎಂಬ ಪದವನ್ನು ವಿಮಾನಕ್ಕೆ ಹಚ್ಚಲು ಅಡ್ಡಿಯಿಲ್ಲ, ಯುದ್ಧಕ್ಕೆ ಹಚ್ಚುವಂತಿಲ್ಲ.