ಹಾಯಿಕಂಬ ಎಷ್ಟು ಹಿಂದಕ್ಕೆ ವಾಲಬೇಕು?

ಎರಡು ಸಪೂರ ಒಡಲುಗಳ ಮೇಲೆ ದೊಡ್ಡ ಹಾಯಿ ಹೊತ್ತು, ಒಂದು ಒಡಲನ್ನು ನೀರಿನಿಂದ ಮೇಲೆತ್ತಿಕೊಂಡೇ ಓಡುವ ದೋಣಿಗಳನ್ನು ಒಲಿಂಪಿಕ್ಸ್ ಪ್ರಸಾರದಲ್ಲಿ ನೀವು ನೋಡಿರಬಹುದು. ಇವೇ ಕ್ಯಾಟಮರಾನ್‌ಗಳು. ಹೆಸರು ಬಂದದ್ದು ತಮಿಳಿನ ‘ಕಟ್ಟುಮರಂ’ನಿಂದ, ಆದರೆ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಆ ತೆಪ್ಪಕ್ಕೂ ಈ ಜೋಡಿದೋಣಿಗೂ ಹೆಸರಿನ ನಂಟಷ್ಟೇ. 1976ರಿಂದ 2008ರವರೆಗೆ ಟೊರ್ನೇಡೊ ಎಂಬ ಜೋಡಿದೋಣಿ ಒಲಿಂಪಿಕ್ಸ್‌ನಲ್ಲಿತ್ತು. 2016ರಲ್ಲಿ ನಾಕ್ರಾ 17 ಬಂತು.

ದೋಣಿಗಳೆಲ್ಲ ಒಂದೇ ಅಚ್ಚಿನವು, ಬೀಸುವ ಗಾಳಿಯೂ ಒಂದೇ. ಹೀಗಿದ್ದೂ ಒಂದು ಮುಂದೆ, ಇನ್ನೊಂದು ಹಿಂದೆ ಏಕೆ? ನಡೆಸುವವರ ಚಾಕಚಕ್ಯತೆ ಒಂದು ಕಾರಣ. ಇನ್ನೊಂದು, ದಡದಲ್ಲೇ ನಡೆದಿರುವ ಕಂಬ–ತಂತಿಗಳ ಹೊಂದಾಣಿಕೆ. ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ 1970ರ ಸುಮಾರಿಗೆ ಬಳಕೆಗೆ ತಂದ, ಸುಮಾರು 5 ಮೀಟರ್ ಉದ್ದದ ಹೋಬಿ 16 ದೋಣಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಇದರ ಕಂಬ ನೆಟ್ಟಗೆ ನಿಲ್ಲುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಪಕ್ಕದ ಎರಡು ತಂತಿಗಳ ಬುಡದಲ್ಲಿ ಸಾಲು ತೂತುಗಳಿರುವ ಪಟ್ಟಿಯಿದೆ. ಕೀಲನ್ನು ಯಾವ ತೂತಿಗೆ ಹಾಕುತ್ತೀರಿ, ಮುಂದಿನ ಜಿಬ್ ಹಾಯಿಯ ಹಗ್ಗವನ್ನು ಎಷ್ಟು ಎಳೆಯುತ್ತೀರಿ ಎಂಬುದರ ಮೇಲೆ ವಾಲು ನಿರ್ಧಾರವಾಗುತ್ತದೆ. ಕಂಬ ಹಿಂದಕ್ಕೆ ವಾಲಿದಷ್ಟೂ ಹಾಯಿಯ ಒತ್ತಡ ಹಿಂದೆ ಸರಿಯುತ್ತದೆ. ಜೋರು ಗಾಳಿಯಲ್ಲಿ ಮೂತಿ ನೀರಿಗೆ ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಈ ಹೂಳುವಿಕೆ ಸಣ್ಣ ಸಂಗತಿಯಲ್ಲ. ಮೂತಿ ಕಚ್ಚಿಕೊಂಡರೆ ದೋಣಿ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ಟ್ರಪೀಜ್ ತಂತಿಗೆ ಸೊಂಟ ಸಿಕ್ಕಿಸಿ ಹೊರಗೆ ನಿಂತವರು ಕವಣೆಯ ಕಲ್ಲಿನಂತೆ ಮುಂದಕ್ಕೆ ಹಾರುತ್ತಾರೆ.

ಹಾಗೆಂದು ಅತಿಯಾಗಿ ವಾಲಿಸಲಾಗದು. ದೊಡ್ಡ ಹಾಯಿಯನ್ನು ಬಿಗಿಯುವ ಮೇಲಿನ ಮತ್ತು ಕೆಳಗಿನ ರಾಟೆಗಳು ಒಂದಕ್ಕೊಂದು ತಾಗಿಬಿಟ್ಟರೆ, ಹಾಯಿಯ ಹಿಂದಂಚು ಇನ್ನೂ ಸಡಿಲವಿದ್ದರೂ ಎಳೆಯಲು ಜಾಗವೇ ಇರುವುದಿಲ್ಲ. ದೋಣಿ ಸದಾ ಗಾಳಿಯತ್ತ ತಿರುಗಲು ಹವಣಿಸಿ ಚುಕ್ಕಾಣಿ ಭಾರವಾಗುತ್ತದೆ. ಆದರೆ ಚುಕ್ಕಾಣಿ ಭಾರವೆಂದ ಕೂಡಲೇ ಕಂಬವನ್ನು ದೂರಬೇಡಿ. ಚುಕ್ಕಾಣಿಯ ಹಲಗೆಗಳು ಪೂರ್ತಿ ಕೆಳಗಿಳಿದಿವೆಯೇ, ಎರಡೂ ಸಮಾನಾಂತರವಾಗಿವೆಯೇ ಎಂದು ಮೊದಲು ನೋಡಿ. ಎಷ್ಟೋ ಸಲ ಕಾಯಿಲೆ ಅಲ್ಲೇ ಇರುತ್ತದೆ.

ವಾಲನ್ನು ಅಳೆಯಲು ಯಂತ್ರವೇನೂ ಬೇಡ. ಟ್ರಪೀಜ್ ತಂತಿಗೆ ಒಂದು ದಾರ ಕಟ್ಟಿ, ದೋಣಿಯ ಮುಂಭಾಗದ ಗೊತ್ತಾದ ಒಂದು ಕೀಲಿಗೆ ಎಳೆದು ಗುರುತು ಮಾಡಿ. ಅದೇ ಉದ್ದವನ್ನು ಹಿಂದಕ್ಕೆ ತಂದು ಒಡಲಿನ ಹಿಂಬದಿಯಲ್ಲಿ ಎಲ್ಲಿಗೆ ಮುಟ್ಟುತ್ತದೆ ನೋಡಿ. ಎರಡೂ ಪಕ್ಕಗಳಲ್ಲಿ ಹೀಗೆ ಅಳೆದರೆ ಕಂಬ ಒಂದು ಬದಿಗೆ ವಾಲಿದ್ದರೂ ಬಯಲಾಗುತ್ತದೆ.

ಇನ್ನು ಬಿಗಿ. ಈ ಕಂಬ ತನ್ನ ಬುಡದ ಮೇಲೆ ತಿರುಗಬೇಕು. ಆಗಲೇ ಗಾಳಿ ಕಂಬದಿಂದ ಹಾಯಿಗೆ ನಯವಾಗಿ ಹರಿಯುತ್ತದೆ. ತಂತಿಗಳು ವೀಣೆಯ ತಂತಿಯಂತೆ ಬಿಗಿದಿದ್ದರೆ ಅದು ತಿರುಗದು. ತೀರಾ ಸಡಿಲವಾದರೆ ಜಿಬ್‌ನ ಮುಂದಂಚು ಜೋತುಬಿದ್ದು ದೋಣಿ ಗಾಳಿಗೆ ಹತ್ತಿರವಾಗಿ ಸಾಗದು. ಓಡುವಾಗ ಗಾಳಿಯಿಲ್ಲದ ಬದಿಯ ತಂತಿ ಸ್ವಲ್ಪ ಸಡಿಲವಾಗಿ ಕಂಡರೆ ಗಾಬರಿ ಬೇಡ, ಅದು ಸಹಜ.

ಹಾಯಿಯೊಳಗಿನ ಉದ್ದನೆಯ ಪಟ್ಟಿಗಳನ್ನು ಸುಕ್ಕು ಹೋಗುವಷ್ಟೇ ಬಿಗಿಯಿರಿ. ಗಾಳಿ ಏರಿದಾಗ ಹಾಯಿಯ ಮುಂದಂಚನ್ನು ಕೆಳಗೆಳೆಯುವ ಡೌನ್‌ಹಾಲ್ ಹಗ್ಗವನ್ನು ಜಗ್ಗಿ: ಹಾಯಿ ಚಪ್ಪಟೆಯಾಗಿ, ತುದಿ ತೆರೆದುಕೊಂಡು ಹೆಚ್ಚುವರಿ ಗಾಳಿ ಜಾರಿಹೋಗುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇನ್ನೊಂದು ದೋಣಿಯ ಪಕ್ಕದಲ್ಲಿ ಓಡಿಸಿ ನೋಡಿ, ಪುಸ್ತಕದಲ್ಲಿ ಬರೆದಿಡಿ. ಹೋಬಿ 16ರ ವಿಶ್ವಸ್ಪರ್ಧೆಗಳಲ್ಲಿ ದೋಣಿಗಳನ್ನು ಸಂಘಟಕರೇ ಕೊಡುವ ಪದ್ಧತಿಯಿದೆ. ಅಪರಿಚಿತ ದೋಣಿಯನ್ನು ಬೇಗನೆ ಹೊಂದಿಸಿಕೊಳ್ಳಲು ನೆರವಾಗುವುದು ಆ ಪುಸ್ತಕವೇ.

ಕಂಬ ಎತ್ತುವ ಮುನ್ನ ತಲೆಯೆತ್ತಿ ನೋಡಿ. ಅಲ್ಯೂಮಿನಿಯಂ ಕಂಬ ವಿದ್ಯುತ್ ತಂತಿಗೆ ತಗುಲಿ ಜನ ಸತ್ತದ್ದುಂಟು. ಹೋಬಿ 16ರ ಕಂಬದ ತುದಿಯನ್ನು ಮುಂದೆ ವಿದ್ಯುತ್ ಹರಿಯದ ನಾರುಗಾಜಿನಲ್ಲಿ ಮಾಡತೊಡಗಿದ್ದು ಅದಕ್ಕೇ. ಉಳಿದ ಭಾಗ ಇಂದಿಗೂ ಲೋಹದ್ದೇ.