ಒಣಕೊಂಬೆಯ ಬಾಣಂತಿಕೋಣೆ

ಬೇಸಿಗೆ ಬಂತೆಂದರೆ ಮೈಸೂರಿನ ರಾಮಕೃಷ್ಣನಗರದಲ್ಲಿ ‘ಕುಟ್ರೂ ಕುಟ್ರೂ’ ಕೂಗಿಗೆ ಬಿಡುವಿಲ್ಲ. ಲಿಂಗಾಂಬುಧಿ ಕೆರೆಯ ಕಡೆಯಿಂದ ಒಂದು ಶುರುಮಾಡಿದರೆ ಬೀದಿಯ ಹೊಂಗೆಯಿಂದ ಇನ್ನೊಂದು ದನಿಗೂಡಿಸುತ್ತದೆ. ಕೂಗು ಕೇಳದವರಿಲ್ಲ, ಹಕ್ಕಿ ಕಂಡವರು ಕಡಿಮೆ. ಎಲೆಹಸಿರು ಮೈ, ಕಂದು ತಲೆ, ಕೆನ್ನೆಗೆ ಬಿಳಿ ಪಟ್ಟೆ. ಅಲುಗಾಡದೆ ಕೂತರೆ ಹುಡುಕಿದಷ್ಟೂ ಮರವೇ ಕಾಣುತ್ತದೆ.

ಈ ಬಿಳಿಗೆನ್ನೆಯ ಕುಟ್ರು ಹಕ್ಕಿ ಸಹ್ಯಾದ್ರಿ ಮತ್ತು ಅದರ ಆಸುಪಾಸಿನ ಬೆಟ್ಟಗಾಡಿನದು. ಮೈಸೂರು, ಬೆಂಗಳೂರಿಗೂ ಒಗ್ಗಿಕೊಂಡಿದೆ. ಆಲ, ಅತ್ತಿ, ಗೋಣಿಯ ಹಣ್ಣು ಸಿಕ್ಕರೆ ಊಟದ ಚಿಂತೆಯಿಲ್ಲ. ಚಿಂತೆಯೆಲ್ಲ ಮನೆಯದು. ಮರಕುಟಿಗನ ಉಳಿಯಂಥ ಕೊಕ್ಕು ಇದಕ್ಕಿಲ್ಲ; ಹಸಿಮರ ಕೊರೆಯಲಾರದು. ನುಗ್ಗೆಯಂಥ ಮೆದುಮರದ ಸತ್ತ ಕೊಂಬೆಯೇ ಆಗಬೇಕು.

ಪಕ್ಷಿತಜ್ಞ ಎಚ್.ಎಸ್.ಎ. ಯಾಹ್ಯಾ ಕೇರಳದ ಪೆರಿಯಾರ್ ಕಾಡಿನಲ್ಲಿ ಕುಟ್ರುಗಳ ಸಂಸಾರವನ್ನು ಅಧ್ಯಯನ ಮಾಡಿದ್ದರು. ಪೊಟರೆ ಕೊರೆಯಲು ಸುಮಾರು 20 ದಿನ ಬೇಕು. ಮುಂದೆರಡು, ಹಿಂದೆರಡು ಬೆರಳಿನಿಂದ ತೊಗಟೆ ಹಿಡಿದು, ತಲೆ ಒಳಗಿಟ್ಟು ಕೆತ್ತುವಾಗ ಬುಡದಲ್ಲಿ ಮರದ ಪುಡಿ ಉದುರಿರುತ್ತದೆ. ಒಳಗೆ ಹುಲ್ಲಿಲ್ಲ, ಹತ್ತಿಯಿಲ್ಲ. ಬರೀ ಮರದ ಮೇಲೆ ಸಾಮಾನ್ಯವಾಗಿ 3 ಬಿಳಿ ಮೊಟ್ಟೆ. ಹಗಲು ಗಂಡುಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ, ರಾತ್ರಿ ಹೆಣ್ಣೊಂದೇ. ಅಳಿಲು ಹತ್ತಿರ ಸುಳಿದರೆ ಎರಡೂ ಸೇರಿ ಅಟ್ಟುತ್ತವೆ.

14–15 ದಿನಕ್ಕೆ ಮರಿ ಹೊರಬರುತ್ತದೆ: ಕಣ್ಣು ತೆರೆದಿಲ್ಲ, ಮೈಮೇಲೆ ಒಂದು ಪುಕ್ಕವಿಲ್ಲ. ಆದರೆ ಹಿಮ್ಮಡಿಯನ್ನು ನೋಡಿ. ಅಲ್ಲಿ ಒರಟಾದ, ದಪ್ಪ ಚರ್ಮದ ಮೆತ್ತೆಯಿದೆ. ಹಾಸಿಗೆಯಿಲ್ಲದ ಒರಟು ನೆಲದ ಮೇಲೆ ಕೂರುವ ಮರಿಗೆ ಅದೇ ಚಪ್ಪಲಿ, ದೊಡ್ಡದಾದಂತೆ ಉದುರುತ್ತದೆ. ಹಣ್ಣುತಿನ್ನಿ ಅಪ್ಪಅಮ್ಮ ಈ ಮರಿಗಳಿಗೆ ಹುಳುಹುಪ್ಪಟೆಯನ್ನೂ ಹಿಡಿದು ತರುತ್ತವೆ. ಹಾರಲು ಇನ್ನೂ 36–38 ದಿನ.

ಲೆಕ್ಕ ಹಾಕಿ: ಕೊರೆಯಲು ಶುರುವಾದಂದಿನಿಂದ ಸುಮಾರು ಎರಡೂವರೆ ತಿಂಗಳು ಆ ಕೊಂಬೆ ಬೀಳದೆ ನಿಲ್ಲಬೇಕು. ನಮ್ಮೂರುಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಣಕೊಂಬೆ ಸವರುವುದೂ ಇವು ಮರಿಮಾಡುವ ಹೊತ್ತಿಗೇ. ತಂತಿಯ ಮೇಲೋ ಕಾರಿನ ಮೇಲೋ ಬೀಳುವಂಥದ್ದನ್ನು ಕಡಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ಯಾರ ತಂಟೆಗೂ ಹೋಗದೆ ಒಣಗಿ ನಿಂತ ನುಗ್ಗೆಯನ್ನೂ ‘ಚೆನ್ನಾಗಿ ಕಾಣಲ್ಲ’ ಅಂತ ಉರುಳಿಸುವುದು ಮಾತ್ರ ನನಗೆ ಅರ್ಥವಾಗುವುದಿಲ್ಲ. ಕೊಡಲಿ ಎತ್ತುವ ಮುನ್ನ ಬುಡದಲ್ಲಿ ಹೊಸ ಮರದ ಪುಡಿ, ಕೊಂಬೆಯ ಅಡಿಮಗ್ಗುಲಲ್ಲಿ ದುಂಡನೆಯ ತೂತು ಇದೆಯೇ ನೋಡಿ. ಕುಟ್ರು ಬಿಟ್ಟುಹೋದ ಪೊಟರೆಗೆ ಆಮೇಲೆ ಮಡಿವಾಳ ಹಕ್ಕಿಯೋ ಮೈನಾವೋ ಬಂದು ಸೇರಬಹುದು. ತಾವೇ ಮರ ಕೊರೆಯುವ ಶಕ್ತಿ ಅವೆರಡಕ್ಕೂ ಇಲ್ಲ.